ಮೋತಿ ಹಿಡಿದ ಇಲಿಗಳು

ಆಗಸ್ಟ್ ೨೪, ೧೯೨೪. ಹುಬ್ಬಳ್ಳಿ

ಇಂದು ಮೂರು ಪತ್ರ ಬರೆದೆ. ಒಂದು ಹೆಬ್ಬಳ್ಳಿಯ ತಮ್ಮನಿಗೆ, ಒಂದು ನವಲಗುಂದದ ಬೀಗರಿಗೆ, ಇನ್ನೊಂದು ಪಕ್ಕದ ಮನೆಯ ಅರ್ಜುನಪ್ಪನ ಹೆಂಡತಿ ತನ್ನ ತವರಿಗೆ ಬರೆಸಿದ್ದು. ಮೂರರಲ್ಲೂ ಮೊದಲ ಸಾಲು ಒಂದೇ: ಇತ್ತ ಎಲ್ಲರೂ ಕ್ಷೇಮ. ಕ್ಷೇಮವಲ್ಲದ್ದನ್ನು ಪತ್ರದಲ್ಲಿ ಬರೆಯಬಾರದು. ಓದುವವರು ದೂರದಲ್ಲಿರುತ್ತಾರೆ, ಏನೂ ಮಾಡಲಾಗದೆ ಸುಮ್ಮನೆ ಊಟ ಬಿಡುತ್ತಾರೆ. ಉಳಿದದ್ದನ್ನು ಬರೆದಿಡಲು ಇವರ ಪೆಟ್ಟಿಗೆಯಿಂದ ಒಂದು ಖಾಲಿ ಪುಸ್ತಕ ತೆಗೆದುಕೊಂಡಿದ್ದೇನೆ. ಚಿಕ್ಕವಳಿದ್ದಾಗ ತಮ್ಮನಿಗೆ ಕಲಿಸಲು ಬರುತ್ತಿದ್ದ ಅಯ್ಯಗಳ ದನಿಯನ್ನು ಬಾಗಿಲ ಹಿಂದೆ ಕುಳಿತು ಕೇಳಿ, ಒಲೆಯ ಬೂದಿಯಲ್ಲಿ ಬೆರಳಾಡಿಸಿ ಕಲಿತ ಅಕ್ಷರ ನನ್ನದು. ಇಲ್ಲಿ ನನ್ನ ತಪ್ಪು ನೋಡುವವರು ಯಾರೂ ಇಲ್ಲ.

ಮಗಳು ಗೌರಕ್ಕ ಬಂದು ಎಂಟು ದಿನವಾಯಿತು. ಕುಬಸ ಮುಗಿಸಿಕೊಂಡು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಏಳು ತುಂಬಿದೆ. ಕಾಲಿಗೆ ಸ್ವಲ್ಪ ಬಾವು ಬಂದದ್ದು ಬಿಟ್ಟರೆ ಮುಖ ತೊಳೆದಿಟ್ಟ ಹಿತ್ತಾಳೆಯ ಹಾಗಿದೆ.

ಓಣಿಯಲ್ಲಿ ಕಳ್ಳರ ಕಾಟ ಶುರುವಾಗಿದೆ. ಹೋದ ವಾರ ಎರಡು ಮನೆಯ ಕೊಡ, ತಪ್ಪೇಲಿ ಹೋದವು. ಇವರು ಹೊಸ ಹೆಸರುಕಾಳಿನ ಖರೀದಿಗೆಂದು ಇನ್ನು ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗುವವರು. ಮನೆಯ ಮುಂಭಾಗವೇ ಕಾಳಿನ ಕೋಠಿ, ಒಳಗೆ ನಾವಿಬ್ಬರೇ ಹೆಂಗಸರು.

“ಒಂದ ನಾಯಿ ಸಾಕೂಣು,” ಎಂದರು ಇವರು.

ನಾನು ತಮ್ಮನ ಪತ್ರದಲ್ಲಿ ಒಂದು ಸಾಲು ಸೇರಿಸಿದೆ. ಓಣಿಯ ತುದಿಯ ಲಾಲಸಾಬನಿಗೂ ಹೇಳಿದೆ. ಅವನು ರೈಲ್ವೆ ಕಾರಖಾನೆಯಲ್ಲಿ ಕೆಲಸ ಮಾಡುವವನು, ಹತ್ತು ಮಂದಿಯನ್ನು ಬಲ್ಲವನು.

ಆಗಸ್ಟ್ ೨೮

ಎರಡು ಕಡೆ ಹೇಳಿದ್ದು ತಪ್ಪಾಯಿತು. ಬೆಳಗ್ಗೆ ಎರಡು ನಾಯಿಗಳು ಒಂದೇ ಹೊತ್ತಿಗೆ ಬಾಗಿಲಿಗೆ ಬಂದವು.

ತಮ್ಮ ಒಂದನ್ನು ಹೆಬ್ಬಳ್ಳಿಯಿಂದ ಕುರಿ ಕಾಯುವ ಫಕೀರಪ್ಪನ ಜೊತೆ ಕಳಿಸಿದ್ದ. ಕರುವಿನಷ್ಟು ಎತ್ತರ, ಮಣ್ಣಿನ ಬಣ್ಣ. ತೋಳ ಕುತ್ತಿಗೆಗೆ ಬಾಯಿ ಹಾಕದಿರಲೆಂದು ಕೊರಳಿಗೆ ಮುಳ್ಳಿನ ಕಬ್ಬಿಣದ ಪಟ್ಟಿ. ಹೆಸರು ಭೈರ್ಯಾ. ಇನ್ನೊಂದನ್ನು ಲಾಲಸಾಬ ಬಗಲಲ್ಲಿ ಇರುಕಿಕೊಂಡು ತಂದಿದ್ದ. ಅವನ ಮೇಲಿನ ಸಾಹೇಬ ವಿಲಾಯತಿಗೆ ಹೋಗುವಾಗ ಬಿಟ್ಟುಹೋದದ್ದಂತೆ. ಬಿಳಿ ಮೈ, ಒಂದು ಕಿವಿ ಕಂದು, ನಿಂತರೆ ನನ್ನ ಮೊಣಕಾಲಿಗೂ ಬರುವುದಿಲ್ಲ.

ಫಕೀರಪ್ಪ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಇದೇನ್ ನಾಯಿ ಏನ್ರಿ ಸಾಬ್ರ, ಬಿಳಿ ಸೌತಿಕಾಯಿ? ತೋಳ ಕಂಡ್ರ ಬಾಯಾಗ ಹಾಕ್ಕೊಂಡು ಹಂಗ ಮುಂದ ಹೊಕ್ಕೈತಿ.”

“ಹುಬ್ಬಳ್ಳಿ ಪ್ಯಾಟ್ಯಾಗ ತೋಳ ಎಲ್ಲಿ ಅದಾವೋ ಮಾರಾಯಾ?” ಎಂದ ಲಾಲಸಾಬ. “ಇಲ್ಲಿ ಇರೂವು ಇಲಿ. ನಮ್ಮ ಕಾರಖಾನಿ ಗೋದಾಮದಾಗ ಒಂದ ದಿವಸಕ್ಕ ಹದಿನೇಳು ಇಲಿ ಹಿಡದಾನ ಇವ. ನಿನ್ನ ಎಮ್ಮಿ ಒಂದ ಹಿಡದಿದ್ರ ಹೇಳು.”

“ಮತ್ತ ಇಷ್ಟು ಛಲೋ ನಾಯಿ, ನೀನ ಯಾಕ ಇಟಗೋಬಾರದೋ?” ಎಂದು ನಾನು ಕೇಳಿದೆ.

“ಅಕ್ಕಾರ, ನಾಯಿ ಹೊಚ್ಚಲ ದಾಟಿದ್ರ ನಮ್ಮ ಮಾಶಾಬಿ ನನ್ನನ್ನ ಹೊರಗ ಹಾಕತಾಳ್ರಿ. ನಾಯಿ ಇದ್ದ ಮನಿಗೆ ಫರಿಸ್ತೆ, ಅಲ್ಲಾನ ದೂತರು, ಬರೂದಿಲ್ಲಂತ. ನಾಯಿ ಬಾಯಿ ಹಚ್ಚಿದ ಗಂಗಾಳ ಏಳ ಸಲ ತೊಳೀಬೇಕು. ನನಗ ಒಂದ ಸಲ ತೊಳಿಯಾಕ ಬ್ಯಾಸರ.”

ಇವರಿಗೆ ದೊಡ್ಡದರ ಮೇಲೆ ಮನಸ್ಸು. “ಕಳ್ಳ ಬಂದ್ರ ಈ ಸಣ್ಣದು ಹೊರಸಿನ ಕೆಳಗ ಹೊಕ್ಕೋತೈತಿ. ಭೈರ್ಯಾ ಸುಮ್ನ ಬಾಗಲದಾಗ ಮಲಗಿದ್ರ ಸಾಕು, ಯಾರೂ ಕಾಲ ಇಡೂದಿಲ್ಲ,” ಎಂದರು. ಅಷ್ಟರಲ್ಲಿ ಭೈರ್ಯಾ ಓಣಿಯ ದನ ಕಂಡು ಒಮ್ಮೆ ಬೊಗಳಿತು. ಅಬ್ಬಾ, ಮಾಡಿನ ಹೆಂಚು ಅದುರಿದವು. ಗೌರಕ್ಕ ಬೆಚ್ಚಿ ಎರಡೂ ಕೈ ಹೊಟ್ಟೆಗೆ ಇಟ್ಟುಕೊಂಡು ಗೋಡೆಗೆ ಒರಗಿದಳು. ಸಣ್ಣದು ಲಾಲಸಾಬನ ಬಗಲಿನಿಂದ ಜಿಗಿದು ನೇರ ಹೋಗಿ ಅವಳ ಬಾತ ಪಾದದ ಮೇಲೆ ಗದ್ದ ಇಟ್ಟು ಕುಳಿತಿತು.

“ಅವ್ವಾ, ಇವ ಇರಲಿ ಬೇ,” ಎಂದಳು.

ನಾನೇ ಹೇಳಿದೆ, ಸಣ್ಣದು ಇರಲಿ ಎಂದು. ನಾಳೆ ಮನೆಯಲ್ಲಿ ಕೂಸು ಇರುತ್ತದೆ, ಆ ಬೊಗಳಿಕೆಗೆ ಕೂಸು ಹಾಲು ಕಕ್ಕುತ್ತದೆ. ಇದಕ್ಕೆ ಅರ್ಧ ರೊಟ್ಟಿ ಸಾಕು. ಮೇಲಾಗಿ ಇಲಿಯನ್ನೂ ಹಿಡಿಯುತ್ತದೆ, ಕಾಳಿನ ಮನೆಗೆ ಇನ್ನೇನು ಬೇಕು? ಇವರು ಕೈ ಝಾಡಿಸಿ, “ತಾಯಿ ಮಗಳ ರಾಜ್ಯ,” ಎಂದು ಒಳಗೆ ಹೋದರು.

ಭೈರ್ಯಾನನ್ನು ಅರ್ಜುನಪ್ಪ ತನ್ನ ಮನೆಗೆ ಕಟ್ಟಿಸಿಕೊಂಡ. ಸಣ್ಣದಕ್ಕೆ ಗೌರಕ್ಕ ಮೋತಿ ಎಂದು ಹೆಸರಿಟ್ಟಳು.

ಸಪ್ಟೆಂಬರ್ ೯

ಮೋತಿ ಬಂದ ಮೇಲೆ ಗೌರಕ್ಕನ ನಗು ಹೆಚ್ಚಾಗಿದೆ. ಅವಳ ಹೊರಸಿನ ಕಾಲ ದೆಸೆಗೆ ಅದರ ಮಲಗುವ ಜಾಗ. ಮೈ ಕೆರೆದುಕೊಳ್ಳುತ್ತಾ ಇರುತ್ತದೆ, ಅವಳೂ ಕೂತು ಅದರ ಕೂದಲು ಬಿಡಿಸಿ ಚಿಗಟ ಹೆಕ್ಕುತ್ತಾಳೆ.

ಸಂತೆಗೆ ಹೋದವರು ಹೇಳಿದರು, ಪೇಟೆಯ ಆ ಮಗ್ಗುಲಿಗೆ ಇಲಿ ತಾವಾಗಿ ಸತ್ತು ಬೀಳತೊಡಗಿವೆಯಂತೆ. ಎರಡು ಮನೆಯವರು ಪ್ಲೇಗಿಗೆ ಹೆದರಿ ಹೊಲಕ್ಕೆ ಹೋಗಿದ್ದಾರಂತೆ.

ಬರೆಯಬಾರದೆಂದಿದ್ದೆ, ಆದರೂ ಬರೆಯುತ್ತೇನೆ. ಹನ್ನೆರಡು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಒಂದು ಇಲಿ ಬಿತ್ತು. ಎಲ್ಲರ ಹಾಗೆ ನಾವೂ ಅಂದೇ ಮನೆಗೆ ಬೀಗ ಹಾಕಿ ಗೋಪನಕೊಪ್ಪದ ನಮ್ಮ ಹೊಲದಲ್ಲಿ ತಗಡಿನ ಗುಡಿಸಲು ಹಾಕಿದೆವು. ಪ್ಲೇಗು ನಮ್ಮನ್ನು ಮುಟ್ಟಲಿಲ್ಲ. ಆದರೆ ಎಂಟು ದಿನ ಬಿಡದೆ ಜಡಿಮಳೆ ಹಿಡಿಯಿತು, ಕೆಳಗೆಲ್ಲ ಕೆಸರು. ಐದು ವರ್ಷದ ನನ್ನ ಮಗ ನೆಗಡಿ ಕೆಮ್ಮಿನಿಂದ ಎದೆ ಕಟ್ಟಿ ನನ್ನ ತೊಡೆಯ ಮೇಲೆ ಹೋದ. ಊರಿನಲ್ಲಿ ಉಳಿದ ನಾಲ್ಕು ಮನೆಯವರು ಆ ಸಲ ಬದುಕಿದರು. ಆಗಿನಿಂದ ಯಾರಾದರೂ ಗುಡಿಸಲು ಎಂದರೆ ನಾನು ಎದ್ದು ಒಳಗೆ ಹೋಗುತ್ತೇನೆ.

ಬೀಗರಿಗೆ ಪತ್ರ ಹಾಕಿದೆ. ಇತ್ತ ಎಲ್ಲರೂ ಕ್ಷೇಮ.

ಸಪ್ಟೆಂಬರ್ ೧೯

ಮೋತಿ ತನ್ನ ಅನ್ನದ ಋಣ ತೀರಿಸಿತು! ಬೆಳಗ್ಗೆ ಕೋಠಿಯ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಒಂದು ದೊಡ್ಡ ಇಲಿ ಸತ್ತುಬಿದ್ದಿದೆ, ಮೋತಿ ನನ್ನ ಕಾಲಸಂದಿಯಲ್ಲಿ ನುಗ್ಗಿ ಅದನ್ನು ಮೂಸಿ, ಕಿವಿ ನಿಮಿರಿಸಿ ನನ್ನ ಮುಖ ನೋಡಿತು. ಎಷ್ಟು ನಾಜೂಕಿನ ಕೆಲಸ! ಒಂದು ಹನಿ ರಕ್ತವಿಲ್ಲ, ಕೂದಲು ಕೂಡ ಕದಡಿಲ್ಲ, ಮಲಗಿದ ಹಾಗಿತ್ತು. ನಮ್ಮ ಬೆಕ್ಕಾಗಿದ್ದರೆ ಕರುಳು ಚೆಲ್ಲಾಡಿ ಗೋಡೆಗೆಲ್ಲ ಬಳಿಯುತ್ತಿತ್ತು. ಸಾಹೇಬರ ಮನೆಯಲ್ಲಿ ಬೆಳೆದ ನಾಯಿ, ಕೊಲ್ಲುವುದರಲ್ಲೂ ಒಂದು ರೀತಿ ರಿವಾಜು.

ಬಾಲ ಹಿಡಿದು ಎತ್ತಿ ಹಿತ್ತಲ ತಿಪ್ಪೆಗೆ ಹಾಕಿದೆ. ಮೋತಿಗೆ ಹಾಲಿನ ಕೆನೆ.

ಬೆಕ್ಕು ಮಾತ್ರ ನಾಲ್ಕು ದಿನದಿಂದ ಕಾಣುತ್ತಿಲ್ಲ. ನಾಯಿಗೆ ಹೆದರಿ ಮನೆ ಬಿಟ್ಟಿರಬೇಕು.

ಸಪ್ಟೆಂಬರ್ ೨೩

ಇಂದು ಎರಡು. ಒಂದು ಅಡಿಗೆಮನೆಯ ಒರಳಿನ ಹತ್ತಿರ, ಒಂದು ಬಚ್ಚಲಲ್ಲಿ. ಇವರು ಊರಿನಿಂದ ಬಂದು ಕೈಕಾಲು ತೊಳೆಯಲು ಹೋದವರು ಬಚ್ಚಲಿನದನ್ನು ಕಂಡು ಹಿಂದೆ ಸರಿದರು.

“ಏನಿದು? ಇಲಿ ಬಿದ್ದೈತಲ್ಲ!”

“ಬಿದ್ದದ್ದಲ್ರಿ, ಮೋತಿ ಹಿಡದದ್ದು. ಮೊನ್ನೆನೂ ಒಂದ ಹಿಡದಿತ್ತು.”

“ನೀ ನೋಡಿದೇನು, ಹಿಡಿಯೂದು?”

“ನೋಡಿದೆ,” ಎಂದೆ.

ನೋಡಿರಲಿಲ್ಲ. ಆದರೆ ನೋಡಿದ ಹಾಗೇ ಅಲ್ಲವೆ? ನಾಯಿ ಇದೆ, ಇಲಿ ಸತ್ತಿದೆ. ನಡುವಿನದನ್ನು ಕಣ್ಣಲ್ಲಿ ಕಾಣಲೇಬೇಕೆ? ಇವರು ಮೋತಿಯ ತಲೆ ಸವರಿ, “ಭೇಷ್,” ಎಂದು ಉಣ್ಣಲು ಕುಳಿತರು. ಹಸಿದು ಬಂದಿದ್ದರು. ಗಂಡಸರನ್ನು ಸುಮ್ಮನೆ ಗಾಬರಿಪಡಿಸಿದರೆ ಗುಡಿಸಲು, ಗಾಡಿ ಎಂದು ಎದ್ದುಬಿಡುತ್ತಾರೆ. ಈ ಹುಡುಗಿಯನ್ನು ಎತ್ತಿನ ಗಾಡಿಯಲ್ಲಿ ಕುಲುಕಿಸಿಕೊಂಡು ಹೋಗುವುದು ಯಾವ ಧೈರ್ಯದಲ್ಲಿ?

ಸಪ್ಟೆಂಬರ್ ೨೮

ಅರ್ಜುನಪ್ಪನ ಮನೆಯವರು ಇಂದು ಗುಳೆ ಎದ್ದರು. ನಿನ್ನೆ ಅವರ ಪಡಸಾಲೆಯಲ್ಲಿ ಒಂದು ಇಲಿ ಬಿತ್ತಂತೆ. ಒಂದೇ ಒಂದು! ಅಷ್ಟಕ್ಕೆ ಬೆಳಗಾಗುವುದರಲ್ಲಿ ಗಾಡಿಯ ಮೇಲೆ ಹಾಸಿಗೆ, ಬೀಸುವ ಕಲ್ಲು, ಮುದುಕಿ, ಎಲ್ಲವನ್ನೂ ಹೇರಿದರು. ಗಾಡಿಯ ಹಿಂದೆ ಭೈರ್ಯಾ.

ಅರ್ಜುನಪ್ಪ ನಮ್ಮ ಕಟ್ಟೆಗೆ ಬಂದು ನಿಂತ. “ಕಾಕು, ನೀವೂ ಬರ್ರಿ. ನಿಮ್ಮ ಹೊಲದ ಮಗ್ಗಲದಾಗ ನಮ್ಮ ಗುಡಿಸಲಾ. ಕಾಕಾರು ಬರೂತನಕ ನಾ ಎಲ್ಲಾ ನೋಡ್ಕೊಂತೇನಿ.” ಇವರು ನಿನ್ನೆಯೇ ಮತ್ತೆ ಖರೀದಿಗೆ ಹೋಗಿದ್ದರು.

“ನಮ್ಮ ನಾಯಿ ಇಲಿ ಹಿಡೀತೈತೋ ಅರ್ಜುನಪ್ಪಾ. ನಿಮ್ಮದು ಬರೇ ಮೈ ಬೆಳಸೈತಿ, ಇಲಿ ತಾನಾಗೇ ಬಂದು ಅದರ ಮುಂದ ಸತ್ರೂ ಕಣ್ಣ ಬಿಡೂದಿಲ್ಲ. ಅದಕ್ಕ ನಿಮಗ ಇಷ್ಟು ಗಾಬರಿ.”

ಅವನು ನಗಲಿಲ್ಲ. “ಅದ ಹಿಡಿಯೂದಿಲ್ಲ ಅನ್ನೂದಕ್ಕ ಬ್ಯಾನಿ ಬಂದದ್ದು ನಮಗ ಗೊತ್ತಾತು ಕಾಕು,” ಎಂದು ಹೇಳಿ ಹೋದ.

ಆ ಮಾತು ಯಾಕೆ ಹಾಗೆ ಆಡಿದನೋ. ಬಡಿವಾರ, ಅಷ್ಟೆ.

ಅಕ್ಟೋಬರ್ ೩

ಮೂರು. ಒಂದು ಅಂಗಳದಲ್ಲಿ ನನ್ನ ಕಣ್ಣೆದುರಿಗೇ ಬಂದು, ಕುಡಿದವರ ಹಾಗೆ ತೂರಾಡಿ, ತುಳಸಿಕಟ್ಟೆಯ ಹತ್ತಿರ ಬಿತ್ತು. ಮೋತಿ ಆಗ ಗೌರಕ್ಕನ ಮಡಿಲಲ್ಲಿತ್ತು. ಅದರ ವಾಸನೆಗೇ ಇಲಿಯ ಎದೆ ಒಡೆದಿರಬೇಕು. ಹೆದರಿಕೆಯಿಂದ ಸಾಯುವುದೂ ಉಂಟು.

ಮಧ್ಯಾಹ್ನ ಮುನಸಿಪಾಲಟಿಯವರು ಇಬ್ಬರು ಬಂದಿದ್ದರು. “ಇಲಿ ಬಿದ್ದಾವೇನ್ರಿ ಮನ್ಯಾಗ?” ಎಂದು ಬಾಗಿಲಲ್ಲೇ ಕೇಳಿದರು.

“ನಾಯಿ ಐತ್ರಿ ನಮ್ಮನ್ಯಾಗ,” ಎಂದೆ. ಸುಳ್ಳಲ್ಲ. ಅವರು ಗೋಡೆಗೆ ಸುಣ್ಣದಿಂದ ಒಂದು ಗೀಟು ಎಳೆದು ಮುಂದೆ ಹೋದರು.

ಈಗ ಓಣಿಯಲ್ಲಿ ಹೊಗೆ ಏಳುವ ಮನೆ ಐದೇ. ತಿಪ್ಪೆಯನ್ನು ಬೂದಿಯಿಂದ ಮುಚ್ಚಿದ್ದೇನೆ. ಇವರು ಬಂದಾಗ ಕಾಣುವುದು ಬೇಡ.

ಅಕ್ಟೋಬರ್ ೮

ಬನ್ನಿ ಹಬ್ಬ. ಬನ್ನಿ ಕೊಡಲು ಬಂದವರು ಯಾರೂ ಇಲ್ಲ. ಗೌರಕ್ಕ ಮೋತಿಯ ಕಿವಿಗೆ ಒಂದು ಎಲೆ ಸಿಗಿಸಿ, “ತಗೋಪಾ, ಬಂಗಾರದಂಗ ಇರೂಣು,” ಎಂದು ತಾನೇ ನಕ್ಕಳು.

ಸಂಜೆಯ ಮುಂದೆ ಲಾಲಸಾಬನ ಹೆಂಡತಿ ಮಾಶಾಬಿ ಬಂದಳು. ನಮ್ಮ ಓಣಿಯ ಎಲ್ಲ ಕೂಸುಗಳೂ ಅವಳ ಕೈಯಲ್ಲೇ ಭೂಮಿಗೆ ಬಂದದ್ದು, ಗೌರಕ್ಕನೂ. ಮೋತಿಯನ್ನು ಕೋಲಿನಿಂದ ಆಚೆ ಸರಿಸಿ, ಸೆರಗು ಎತ್ತಿ ಹಿಡಿದು ಒಳಗೆ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಕೂಸಿನ ತಲೆ ಕೆಳಗೆ ಬಂದಿದೆ, ಇನ್ನು ಹದಿನೈದು ದಿನದೊಳಗೆ, ಎಂದಳು. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಹೋಗಿ ನೋಡಿದರೆ ಮೋರಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಕೋಲಿನಿಂದ ಒಂದು ಇಲಿಯನ್ನು ಹೊರಳಿಸುತ್ತಿದ್ದಾಳೆ.

“ಬಾಳಕ್ಕಾ, ಇದನ್ನ ಯಾರ ಕೊಂದ್ರು?”

“ಮೋತಿ.”

“ಎಲ್ಲಿ ಹಲ್ಲ ತಾಗೈತಿ ತೋರಸು.”

ನಾನು ಅವಳ ಕೈಗೆ ನೀರು ಹಾಕಲು ತಂಬಿಗೆ ಎತ್ತಿದೆ.

“ನಾಯಿ ಬಾಯಿ ಮುಟ್ಟಿದ್ದಕ್ಕ ಹಲ್ಲಿನ ಗುರತ ಇರತೈತಿ, ಜೊಲ್ಲ ಇರತೈತಿ. ನಾ ಹೇಸಿಕೊಳ್ಳಾಕಿ, ನನಗ ಗೊತ್ತಿರೂದಿಲ್ಲೇನು? ಇದು ತಾನಾಗೇ ಬಿದ್ದದ್ದು. ನಾಳಿಗೆ ಹೊಲಕ್ಕ ನಡೀರಿ. ನಾನೂ ಬರತೇನಿ, ಅಲ್ಲೇ ಹಡಸ್ತೇನಿ.”

“ಗುಡಿಸಲದಾಗ? ನಿನಗ ನಾಯಿ ಕಂಡ್ರ ಆಗೂದಿಲ್ಲ, ಅದಕ್ಕ ಹಿಂಗ ಮಾತಾಡ್ತಿ.”

ಮಾಶಾಬಿ ನನ್ನನ್ನು ನೋಡಿದಳು. ಮೂವತ್ತು ವರ್ಷದ ಗೆಳತಿಯನ್ನು ಹಾಗೆ ಅನ್ನಬಾರದಿತ್ತು. “ನಿನ್ನ ಮಗನ್ನ ನಾನೂ ಎತ್ತಿ ಆಡಿಸೇನಿ ಬಾಳಕ್ಕಾ,” ಎಂದಳು. ಅಷ್ಟು ಹೇಳಿ ಹಿತ್ತಲ ಬಾಗಿಲಿಂದಲೇ ಹೋದಳು.

ಹದಿನೈದು ದಿನ. ಹೆರಿಗೆಯೊಂದು ಆಗಲಿ. ಹದಿನೈದೇ ದಿನ.

ಅಕ್ಟೋಬರ್ ೧೧

ಬೆಳಗ್ಗೆ ನವಲಗುಂದಕ್ಕೆ ಪತ್ರ ಹಾಕಿದೆ. ಇತ್ತ ಎಲ್ಲರೂ ಕ್ಷೇಮ. ಹೆರಿಗೆ ಹತ್ತಿರ ಬಂದಿದೆ, ಅಳಿಯಂದಿರು ತೊಟ್ಟಿಲ ಹಗ್ಗ ತರಲಿ ಎಂದು ಬರೆದೆ.

ಊಟದ ಹೊತ್ತಿಗೆ ಗೌರಕ್ಕ ಚಳಿ ಎಂದಳು. ಮೈ ಕಾದಿದೆ. ಹೆರಿಗೆಗೆ ಮೊದಲು ಕೆಲವರಿಗೆ ಕಾವು ಬರುತ್ತದೆ. ನನಗೂ ಬಂದಿತ್ತೆಂದು ನೆನಪು. ಶುಂಠಿಯ ಕಷಾಯ ಕೊಟ್ಟೆ.

ಅಕ್ಟೋಬರ್ ೧೨

ಇಳಿದಿಲ್ಲ. ಕಣ್ಣು ಕೆಂಪು, ಮಾತು ತೊದಲು. ಸೀರೆ ಬದಲಿಸುವಾಗ ತೊಡೆಯ ಸಂದಿಯಲ್ಲಿ ಕೈ ತಾಗಿ ಚೀರಿದಳು. ಅಡಿಕೆಯಷ್ಟು ಗಂಟು.

ಲಾಲಸಾಬ ಇವರನ್ನು ಕರೆತರಲು ಸೈಕಲ್ ಮೇಲೆ ಹೋಗಿದ್ದಾನೆ. ಮಾಶಾಬಿ ಬಂದಿದ್ದಾಳೆ. ನಾನು ಕರೆಯಲು ಹೋಗಿರಲಿಲ್ಲ, ತಾನಾಗಿ ಬಂದಳು. ಏನೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಅಕ್ಟೋಬರ್ ೧೪

ಇಲ್ಲ.

ಅಕ್ಟೋಬರ್ ೨೧. ಗೋಪನಕೊಪ್ಪದ ಹೊಲ

ಬರೆಯುತ್ತೇನೆ. ಬೇರೆ ಕೆಲಸವಿಲ್ಲ.

ಹದಿಮೂರರ ಮಧ್ಯಾಹ್ನ ನೋವು ಶುರುವಾಯಿತು. ಡಾಕ್ಟರು ಬಂದವರು ಪಡಸಾಲೆಯಲ್ಲೇ ನಿಂತು ತಲೆ ಆಡಿಸಿದರು. ಕೂಸು ಗಂಡು. ಅಳಲಿಲ್ಲ. ಮಾಶಾಬಿ ಅದನ್ನು ತಲೆಕೆಳಗೆ ಹಿಡಿದಳು, ಬೆನ್ನು ತಟ್ಟಿದಳು, ಬಾಯಿಗೆ ಬಾಯಿ ಇಟ್ಟು ಊದಿದಳು, ಅಳಲಿಲ್ಲ. ಗೌರಕ್ಕನಿಗೆ ತಿಳಿಯಲಿಲ್ಲ, ಆಗಲೇ ಅವಳ ಮಾತು ಬೇರೆ ಎಲ್ಲಿಯೋ ಇತ್ತು. ಒಮ್ಮೆ, “ಅವ್ವಾ, ಮೋತಿಗೆ ರೊಟ್ಟಿ ಹಾಕಿದೇನು?” ಎಂದಳು. ಹಾಕಿದೆ ಎಂದೆ. ಹದಿನಾಲ್ಕರ ಮುಂಜಾನೆ ಇವರು ಬಂದು ತಲುಪಿದಾಗ ಅವಳ ಹಣೆಗೆ ನಾನು ವಿಭೂತಿ ಹಚ್ಚುತ್ತಿದ್ದೆ.

ಮಣ್ಣು ಕೊಡಲು ಆರೇ ಜನ. ಲಾಲಸಾಬನೂ ಒಂದು ಕೈ ಹಿಡಿದ.

ಅಂದೇ ಮನೆಗೆ ಬೀಗ ಹಾಕಿ ಇಲ್ಲಿಗೆ ಬಂದೆವು. ಅರ್ಜುನಪ್ಪ ನಮಗಾಗಿ ತಗಡು ಹೊದಿಸಿ ಗುಡಿಸಲು ಕಟ್ಟಿಟ್ಟಿದ್ದ. ಮಳೆಯೇ ಬಂದಿಲ್ಲ. ನೆಲ ಒಣಗಿದೆ, ಬೆಚ್ಚಗಿದೆ, ಸಗಣಿ ಸಾರಿಸಿದ್ದಾರೆ. ಇಲ್ಲಿ ಒಂದು ಬಾಣಂತಿಗೆ ಬೇಕಾದಷ್ಟು ಜಾಗವಿದೆ. ಇದನ್ನು ನಾನು ದಿನಕ್ಕೆ ಹತ್ತು ಸಲ ಅಳೆಯುತ್ತೇನೆ. ಹೊರಸು ಇಲ್ಲಿ, ತೊಟ್ಟಿಲು ಇಲ್ಲಿ, ನೀರು ಕಾಯಿಸುವ ಒಲೆ ಆ ಮೂಲೆಗೆ.

ಹದಿನಾರಕ್ಕೆ ಅಳಿಯ ಬಂದ. ನವಲಗುಂದದಿಂದ ನೇರ ಊರಿನ ಮನೆಗೆ ಹೋಗಿ, ಬೀಗ ಕಂಡು, ಕೇಳಿಕೊಂಡು ಇಲ್ಲಿಗೆ ಬಂದಿದ್ದ. ದಾರಿಯಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಹೆಗಲ ಮೇಲೆ ಹೊಸ ತೊಟ್ಟಿಲ ಹಗ್ಗ. ಅರ್ಜುನಪ್ಪ ಅವನನ್ನು ಆಚೆ ಕರೆದುಕೊಂಡು ಹೋಗಿ ಹೇಳಿದ. ಬಹಳ ಹೊತ್ತಿನ ಮೇಲೆ ನನ್ನೆದುರಿಗೆ ಬಂದು ನಿಂತು, ಅಂಗಿಯ ಕಿಸೆಯಿಂದ ನನ್ನ ಪತ್ರ ತೆಗೆದ.

“ಅತ್ತೀ, ಎಲ್ಲಾರೂ ಕ್ಷೇಮ ಅಂತ ಬರದಿದ್ದಿರಲ್ರಿ,” ಎಂದ.

ಬೈದು ಕೇಳಲಿಲ್ಲ. ಅಕ್ಷರ ಸರಿಯಾಗಿ ಓದಿಕೊಂಡೆನೋ ಇಲ್ಲವೋ ಎಂಬ ಹಾಗೆ ಕೇಳಿದ.

ಅಕ್ಟೋಬರ್ ೨೭

ಇಲ್ಲಿ ಹದಿನಾಲ್ಕು ಗುಡಿಸಲುಗಳಿವೆ. ಎಲ್ಲರೂ ಇದ್ದಾರೆ. ಅರ್ಜುನಪ್ಪನ ಮುದಿ ತಾಯಿ ಕೂಡ ಇದ್ದಾಳೆ. ಭೈರ್ಯಾ ಸಾಲಿನ ತುದಿಗೆ ಕಟ್ಟೆಯ ಮೇಲೆ ಮಲಗಿರುತ್ತದೆ, ಮಕ್ಕಳು ಅದರ ಬೆನ್ನ ಮೇಲೆ ಹತ್ತಿ ಇಳಿಯುತ್ತಾರೆ. ಅದು ಬೊಗಳಿದರೂ ಒಂದು ಕೂಸೂ ಹಾಲು ಕಕ್ಕುವುದಿಲ್ಲ.

ಮೋತಿ ನಮ್ಮ ಗುಡಿಸಲಿನ ಹಿಂದೆ ಇರುತ್ತದೆ. ನಾನು ಕೂಗುವುದಿಲ್ಲ. ಹಸಿವಾದಾಗ ಬಂದು ಅರ್ಧ ರೊಟ್ಟಿ ತಿಂದು ಹೋಗುತ್ತದೆ.

ಇವರು ಮಾತು ಕಡಿಮೆ ಮಾಡಿದ್ದಾರೆ. ಇಂದು ಲಿಂಗಪೂಜೆ ಮುಗಿಸಿ ಎದ್ದವರು, “ಆ ನಾಯಿ ಕಾಲ್ಗುಣ ಛಲೋ ಇಲ್ಲ,” ಎಂದರು. “ಅವತ್ತ ದೊಡ್ಡದನ್ನ ಇಟಗೊಂಡಿದ್ರ ಹಿಂಗ ಆಕ್ಕಿರಲಿಲ್ಲ. ಇದು ಎಲ್ಲೆಲ್ಲಿಂದನೋ ಬ್ಯಾನಿ ಇಲಿ ಹಿಡಕೊಂಡ ಬಂದು ಮನಿ ತುಂಬ ಹಾಕಿತು. ಮಗಳನ್ನ ತಿಂದಿತು.”

ನಾನು ರೊಟ್ಟಿ ಬಡಿಯುತ್ತಿದ್ದೆ. ಬಡಿಯುತ್ತಲೇ ಇದ್ದೆ.

“ಫಕೀರಪ್ಪಗ ಹೇಳಿ ಕಳಿಸೇನಿ. ನಾಳಿದ್ದು ಬಂದು ಹಳ್ಳದ ಕಡೆ ಒಯ್ದು ಹೊಡದು ಬರತಾನ.”

ಆಗಲಿ ಎಂದೆ. ಆಗಲಿ ಎಂದವಳು ನಾನೇ. ನಾಯಿಗೆ ಬಾಯಿಲ್ಲ, ನಾನು ಸುಮ್ಮನಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಇವರು ಸಾಯುವ ತನಕ ಒಂದು ನಾಯಿಯನ್ನು ಬೈದುಕೊಂಡು ಇರುತ್ತಾರೆ. ಮಾಶಾಬಿ ಹೇಳುವವಳಲ್ಲ.

ಅಕ್ಟೋಬರ್ ೨೯

ಬೆಳಗ್ಗೆ ಇವರು ಮೋತಿಯನ್ನು ಬೇವಿನ ಗಿಡಕ್ಕೆ ಹಗ್ಗ ಹಾಕಿ ಕಟ್ಟಿದರು. ಫಕೀರಪ್ಪ ಮಧ್ಯಾಹ್ನಕ್ಕೆ ಬರುವವನಿದ್ದ. ನಾನು ಗಿಡದ ನೆರಳಲ್ಲಿ ಕೂತು ಹೆಸರು ಹಸನು ಮಾಡುತ್ತಿದ್ದೆ.

ಜೋಳದ ಬೆಳೆಯ ಕಡೆಯಿಂದ ಒಂದು ಇಲಿ ಬಂತು. ಹೊಲದ ಇಲಿ, ಗಟ್ಟಿಮುಟ್ಟಾಗಿತ್ತು, ಕಣ್ಣು ಮಿಣಿಮಿಣಿ, ಕಾಳಿನ ವಾಸನೆಗೆ ಬಂದದ್ದು. ಮೋತಿ ಮಲಗಿದ್ದ ಹಾಗೇ ಇತ್ತು. ಆಮೇಲೆ ಇರಲಿಲ್ಲ. ಹಗ್ಗ ಸೆಟೆದ ಸಪ್ಪಳ, ಇಲಿಯ ಕಿರುಚು. ಮೋತಿ ಅದನ್ನು ಬೆನ್ನಿಗೆ ಕಚ್ಚಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಝಾಡಿಸಿತು. ಹಸನು ಮಾಡಿದ ಕಾಳಿನ ಮೇಲೆ ರಕ್ತ ಸಿಡಿಯಿತು, ನನ್ನ ಕೈಗೂ. ಬೆನ್ನುಮೂಳೆ ಮುರಿದದ್ದು ನನಗೆ ಕೇಳಿಸಿತು. ಬಿಟ್ಟಾಗ ಇಲಿಯ ಚರ್ಮ ಹರಿದು ಒಳಗಿನದು ಹೊರಗೆ ಬಂದಿತ್ತು, ಮೈಯೆಲ್ಲ ಜೊಲ್ಲು, ಬೆನ್ನಿನ ಎರಡೂ ಬದಿಗೆ ಮೊಳೆ ಹೊಡೆದ ಹಾಗೆ ಹಲ್ಲಿನ ತೂತು. ಮೋತಿ ಬಾಲ ಅಲ್ಲಾಡಿಸುತ್ತಾ ನನ್ನ ಮುಖ ನೋಡಿತು.

ಮೋತಿ ಹಿಡಿದ ಇಲಿ ಹೀಗಿರುತ್ತದೆ.

ನಾನು ಆ ಇಲಿಯನ್ನು ಮೊರದಲ್ಲಿ ಹಾಕಿಕೊಂಡು ಗುಡಿಸಲಿಗೆ ಹೋದೆ. ಇವರು ಚಾಪೆಯ ಮೇಲೆ ಕೂತಿದ್ದರು. ಮುಂದೆ ಇಟ್ಟೆ.

“ಏನಿದು? ಹೊರಗ ಒಗಿ!”

“ಮೋತಿ ಈಗ ಹಿಡೀತ್ರಿ. ಛಲೋತಂಗ ನೋಡ್ರಿ.”

ನೋಡಿದರು. ಕಾಳಿನ ವ್ಯಾಪಾರದವರು, ಒಂದು ಮುಷ್ಟಿ ಕಾಳು ಅಂಗೈಯಲ್ಲಿ ಹರಡಿ ಯಾವುದು ಹೊಸದು, ಯಾವುದು ಹುಳ ತಿಂದದ್ದು ಎಂದು ಹೇಳುವವರು. ಬಚ್ಚಲಲ್ಲಿ ತಾವು ಕಂಡ ಆ ಇಲಿ ಅವರ ಕಣ್ಣ ಮುಂದೆ ಬಂದದ್ದು ನನಗೆ ತಿಳಿಯಿತು.

“ಮತ್ತ ಅವು?” ಎಂದರು.

“ಅವು ತಾವಾಗೇ ಬಿದ್ದವ್ರಿ. ಒಟ್ಟ ಏಳು. ತಿಪ್ಪಿಗೆ ಹಾಕಿ ಬೂದಿ ಮುಚ್ಚಿದ್ನಿ.”

“ನೀ ನೋಡಿದೆ ಅಂದಿದ್ದಿ, ಹಿಡಿಯೂದು.”

“ನೋಡಿರಲಿಲ್ರಿ.”

“ನಿನಗ ಯಾವಾಗ ಗೊತ್ತಾತು?”

ಮಾಶಾಬಿ ತೋರಿಸಿದಾಗ ಎನ್ನಬಹುದಿತ್ತು. ಈಗ, ಇದನ್ನು ನೋಡಿದಾಗ ಎನ್ನಬಹುದಿತ್ತು. ಎರಡೂ ನಾಲಿಗೆಯ ತುದಿಗೆ ಬಂದವು.

“ಮೊದಲನೇದರ ಬಾಲ ಹಿಡದು ಎತ್ತಿದಾಗರಿ. ಕೈಯಾಗ ಹಗುರ ಇತ್ತು, ಹಸನ ಇತ್ತು. ಹನ್ನೆರಡ ವರ್ಷದ ಹಿಂದ ಬಿದ್ದದ್ದೂ ಹಂಗ ಇತ್ತು.”

ಇವರು ಮೊರವನ್ನು ಆಚೆ ಸರಿಸಿದರು. ಹೊರಗೆ ಫಕೀರಪ್ಪ ಬಂದು ಕೆಮ್ಮಿದ, “ಸಾವ್ಕಾರ್ರ, ಎಲ್ಲೈತ್ರಿ ನಾಯಿ?” ಎಂದ. ಇವರು ಎದ್ದರು. ನನ್ನ ಸೆರಗು ತಾಗದ ಹಾಗೆ ಬಾಗಿಲಲ್ಲಿ ಮೈ ಸರಿಸಿಕೊಂಡು ಹೊರಗೆ ಹೋದರು. ಬೇವಿನ ಗಿಡದ ಕೆಳಗೆ ಮೊಣಕಾಲೂರಿ ಕೂತು, ಫಕೀರಪ್ಪನಿಗೆ ಹೋಗೆಂದು ಕೈ ಮಾಡಿ, ಮೋತಿಯ ಕೊರಳಿನ ಹಗ್ಗ ಬಿಚ್ಚಿದರು.